ಗುಡಿಸು

ತಿತಿಮತಿಯ ಆನೆ ಕೋಣೆಯಲ್ಲಿ ರಾತ್ರಿ ಪಾಳಿ ನನ್ನದು.
ಎರಡು ಫೋನು, ಒಂದು ವಾಕಿಟಾಕಿ,
ಅಕ್ಷರ ಸವೆದ ಕೀಲಿಮಣೆ.
ಎಫ್ ಎಂಟು ಒತ್ತಿದರೆ ಸಾಕು,
ಕಡತದ ತುದಿಗೆ ಓಡಿ, ಹೊಸ ಸಾಲು ತೆರೆದು,
ತಾರೀಕು ಹಾಕಿ, ವೇಳೆ ಹಾಕಿ
ಹೂಂ ಹೇಳಿ ಅನ್ನುವ ಹಾಗೆ
ಮಿಟುಕುತ್ತ ನಿಲ್ಲುತ್ತದೆ ಕರ್ಸರ್.
ಆ ಮ್ಯಾಕ್ರೋ ನಾನೇ ಕಲಿಸಿದ್ದು, ಏಪ್ರಿಲ್‌ನಲ್ಲಿ.
ಕರೆ ಮಾಡುವವರ ಉಸಿರು ಆನೆಗಿಂತ ಮುಂದೆ ಓಡುತ್ತಿರುತ್ತದೆ;
ತಾರೀಕು ಒತ್ತುತ್ತ ಕೂರಲು ಪುರುಸೊತ್ತು ಯಾರಿಗೆ?

ಜೂನ್‌ನಲ್ಲಿ, ತೋಟದ ಹಲಸು ಹಣ್ಣಾಗಿ
ಫೋನು ಬಿಡುವಿಲ್ಲದೆ ಕೂಗುವಾಗ,
ರೇಂಜರು ಮೇದಪ್ಪ ವರದಿ ಓದಿ ಕನ್ನಡಕ ತೆಗೆದರು:
"ಏನಿದು ಬೊಳ್ಳಮ್ಮ,
ಬಾಳೆಲೆಯಲ್ಲಿ ಆನೆ ತುಳಿದದ್ದು ಯಾರ ಗದ್ದ?
ಮಾಲ್ದಾರೆಯಲ್ಲಿ ನೀರು ಕುಡಿದದ್ದು ಯಾವ ಕೆರ?"

ನೋಡಿದೆ.
ಗದ್ದೆ ಗದ್ದವಾಗಿತ್ತು, ಕೆರೆ ಕೆರವಾಗಿತ್ತು.
ಒಂಟಿ ಸಲಗ ಮುರಿದದ್ದು ಲೈನ್ ಮನೆ ಅಲ್ಲ, ಮನ.
ಕಾಡು ಕೊಂಬು ಕಳಕೊಂಡು
ಕಾಡ, ಕಾಡ ಎಂದು ತೊದಲುತ್ತಿತ್ತು.

ಮೊದಲು ಬೈದದ್ದು ಫಾಂಟನ್ನು.
ಕೀಲಿಮಣೆ ಬೋರಲು ಹಾಕಿ ತಟ್ಟಿದರೆ
ಅಕ್ಕಿರೊಟ್ಟಿಯ ಚೂರು, ಸತ್ತ ಇರುವೆ, ಯಾರದೋ ಉಗುರು.
ಗೋಣಿಕೊಪ್ಪದ ಕಂಪ್ಯೂಟರ್ ಅಂಗಡಿಯ ಬೀರಾನ್ ಫೋನಿನಲ್ಲೇ ಮದ್ದು ಹೇಳಿದ:
"ಒಮ್ಮೆ ಆಫ್ ಮಾಡಿ ಆನ್ ಮಾಡಿ, ಚೇಚಿ."
ಮಾಡಿದೆ. ಆನೆ ಇನ್ನೂ ಕೆರದಲ್ಲೇ.

ಕೈಯಾರೆ ಸಾಲು ತೆರೆದರೆ ಸರಿ, ಎಫ್ ಎಂಟು ಒತ್ತಿದರೆ ತಪ್ಪು.
ಅದೂ ಈಗ ಬರೆಯುವ ಸಾಲಿನಲ್ಲಲ್ಲ,
ಅದರ ಹಿಂದಿನದರಲ್ಲಿ.
ಇಷ್ಟು ಹೊಳೆಯಲು ಎರಡು ರಾತ್ರಿ ಬೇಕಾಯಿತು:
ಹೊಸ ಸುದ್ದಿ ಬಂದಾಗಲೆಲ್ಲ
ಹಳೆಯ ಸುದ್ದಿಯ ಬಾಲ ತುಂಡಾಗುತ್ತಿತ್ತು.

ಕಡತದ ಪ್ರತಿ ತೆಗೆದು, ಮ್ಯಾಕ್ರೋ ಬಿಚ್ಚಿ
ಹೆಜ್ಜೆ ಹೆಜ್ಜೆಯಾಗಿ ನಡೆಸಿದೆ,
ನಮ್ಮ ವಾಚರ್ ಚುಬ್ರು ಲದ್ದಿ ಮುಟ್ಟಿ ಬಿಸಿ ನೋಡುತ್ತ ನಡೆಯುವ ಹಾಗೆ.
ತುದಿಗೆ ಹೋಗು.
ಒಂದು ಅಳಿಸು.
ಹೊಸ ಸಾಲು.

ಅಳಿಸು?

ಆಗ ನೆನಪಾಯಿತು. ಕಲಿಸಿದ ದಿನ
ಕೊನೆಯ ಸಾಲಿನಲ್ಲಿ ಒಂದು ಚುಕ್ಕಿ ಹೆಚ್ಚಾಗಿತ್ತು.
ರೆಕಾರ್ಡ್ ಆಗುತ್ತಿದೆ ಅನ್ನುವುದು ಮರೆತು ಅಳಿಸಿದ್ದೆ,
ಹಣೆಗೆ ಬಿದ್ದ ಕೂದಲು ಸರಿಸಿದಷ್ಟೇ ಸಲೀಸಾಗಿ.
ಅದು ಅದನ್ನೂ ಕಲಿತಿತ್ತು,
ಮಕ್ಕಳು ಮಗ್ಗಿಯ ಜೊತೆ ಮೇಷ್ಟರ ಕೆಮ್ಮನ್ನೂ ಕಲಿಯುವ ಹಾಗೆ.
ಮುನ್ನೂರ ಹನ್ನೆರಡು ಸಾಲು,
ಒಂದು ಸಲವೂ ತಪ್ಪದೆ.

ಆ ಹೆಜ್ಜೆ ಕಿತ್ತೆ. ಕಾಫಿ ಕಾಸಿಕೊಂಡೆ. ಬಾಲ ಹೊಲಿಯಲು ಕೂತೆ:
ಕೆರಕ್ಕೆ ಎತ್ವ, ಕಾಡಿಗೆ ಕೊಂಬು,
ಮನಕ್ಕೆ ಮತ್ತೆ ಒಂದು ಸೂರು.
ಕೈ ನಿಂತದ್ದು ಒಂದೇ ಕಡೆ.
ಮೇ ಹತ್ತೊಂಬತ್ತು, ರಾತ್ರಿ ಎರಡೂ ಹತ್ತು, ದೇವರಪುರ,
ಹೆಣ್ಣಾನೆ ಎರಡು, ಬೇಲಿ ಹತ್ತಿರ ಒಂದು ಮರ

ಕೆಲವು ರಾತ್ರಿ ನಾನು ಸಾಲಿನ ಕೊನೆಗೆ ಚುಕ್ಕಿ ಇಡುತ್ತೇನೆ,
ಕೆಲವು ರಾತ್ರಿ ಇಲ್ಲ.
ಇಲ್ಲಿ ತಿಂದುಹೋದದ್ದು ಚುಕ್ಕಿಯೋ,
ಅಥವಾ ಮರಿಯ ಗುಡಿಸನ್ನೇ ಗುಡಿಸಿ ಹಾಕಿದೆಯೋ?
ಸೋಲಾರ್ ತಂತಿಯ ಮೇಲೆ ಮರ ಕೆಡವಿ ದಾಟುವ ಆನೆಗಳೂ ಇವೆ.

ಅವತ್ತು ಕರೆ ಮಾಡಿದವನು ಚುಬ್ರು. ಬೆಳಿಗ್ಗೆ ಕೇಳಿದೆ.
ಆಚೆ ಕಡೆ ಬೀಡಿಯ ಉಸಿರು.
"ಮರಿ ಅಕ್ಕಾ. ತಂತಿ ಕಂಡು ಹಿಂದೆ ನಿಂತಿತ್ತು.
ಎಡಗಿವಿ ತುದಿ ಹರಿದಿತ್ತು."

ಗುಡಿಸು ಹಾಕಿದೆ.

ಆಮೇಲೆ ಕಣ್ಣು ನಿನ್ನೆಯ ಸಾಲಿಗೆ ಹೋಯಿತು.
ಅದರ ನಂತರ ಯಾರೂ ಕರೆದಿಲ್ಲ,
ಯಾವ ಕೀಲಿಯೂ ಅದನ್ನು ಮುಟ್ಟಿಲ್ಲ.
ದೇವರಪುರ, ಅದೇ ಬೇಲಿ, ಹೆಣ್ಣಾನೆ ಎರಡು.
ತುದಿಯ ಕೊಂಬು ಇದ್ದಲ್ಲೇ ಇದೆ.
ಹಿಂದಿನದು ನೋಡಿದೆ: ಜೂನ್ ಎಂಟು, ಹೆಣ್ಣಾನೆ ಎರಡು.
ಜೂನ್ ಮೂರು, ಎರಡು.
ಸಾಲಿನಾಚೆಗೆ ಕರ್ಸರ್ ತಳ್ಳಿದೆ, ಕಾಣದ ಅಕ್ಷರವೇನಾದರೂ ಇದ್ದರೆ ಎಂದು.
ಅದು ಕೆಳಗಿನ ಸಾಲಿಗೆ ಇಳಿಯಿತು.

ಚುಬ್ರುವಿಗೆ ಇನ್ನೊಮ್ಮೆ ಫೋನ್ ಮಾಡಿದ್ದೇನೆ.
ರಿಂಗಾಗುತ್ತಿದೆ.
ಎಫ್ ಎಂಟು ಒತ್ತಿದೆ.
ತಾರೀಕು ಬಂತು. ವೇಳೆ ಬಂತು.